ಅಕಾರಾದಿ ಕೀಬೋರ್ಡು

"ಈ ಮನೇಲಿ ಕರೆಂಟು ಕುಡಿದು ಬದುಕೋ ಯಾವ ಪ್ರಾಣಿಗೂ ಇವತ್ತು ಸ್ನಾನ ತಪ್ಪಲ್ಲ!" ಎಂದು ಗ್ರಂಥಪಾಲರು ಶನಿವಾರ ಬೆಳಿಗ್ಗೆ ಕಾಫಿ ಲೋಟವನ್ನು ಮೇಜಿನ ಮೇಲೆ ಕುಟ್ಟಿ ಘೋಷಿಸಿದರು.

ಘೋಷಣೆ ಕೇಳುವುದಕ್ಕೆ ಇದ್ದವರು ಇಬ್ಬರೇ. ಒಬ್ಬಳು ಹೆಂಡತಿ, ಆಫೀಸಿಗೆ ಹೊರಟು ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡಿದ್ದಳು. ಇನ್ನೊಬ್ಬರು ಹೆಂಡತಿಯ ತಾಯಿ. ಮೂಲೆಯಲ್ಲಿ ಕುಳಿತು ಬಟಾಣಿ ಬಿಡಿಸುತ್ತಿದ್ದರು.

"ಟಿವಿ ಒರೆಸಿ, ಫ್ಯಾನ್ ಒರೆಸಿ, ಬೇಕಾದ್ರೆ ಮೀಟರ್ ಬೋರ್ಡಿಗೆ ಪೌಡರ್ ಹಚ್ಚಿ," ಎಂದಳು ಹೆಂಡತಿ. "ಕಂಪ್ಯೂಟರ್ ಮಾತ್ರ ಬಿಚ್ಚಬೇಡಿ. ನಾಲ್ಕು ಗಂಟೆಗೆ ನನ್ನ ಪರೀಕ್ಷೆ."

ಆ ಪರೀಕ್ಷೆ ಸಾಮಾನ್ಯದ್ದಲ್ಲ. ಹದಿನೆಂಟು ವರ್ಷದಿಂದ ಅವಳು ಒಂದು ದೊಡ್ಡ ಕಚೇರಿಯಲ್ಲಿ ಬೆರಳಚ್ಚುಗಾರ್ತಿ. ವಿಭಾಗದ ಮುಖ್ಯಸ್ಥೆಯ ಕುರ್ಚಿ ನಾಲ್ಕು ವರ್ಷಕ್ಕೊಮ್ಮೆ ಖಾಲಿಯಾಗುತ್ತದೆ. ಕಳೆದ ಸಲ ಜ್ವರದಲ್ಲೇ ಟೈಪಿಂಗ್ ವೇಗದ ಪರೀಕ್ಷೆ ಬರೆದು ಎರಡೇ ಎರಡು ಪದದಿಂದ ಕುರ್ಚಿ ಕಳೆದುಕೊಂಡಿದ್ದಳು. ಗೆದ್ದ ಮಹಾತಾಯಿ ನಾಲ್ಕು ವರ್ಷವೂ ತನ್ನ ಅರ್ಧಂಬರ್ಧ ಕಡತಗಳನ್ನು ಇವಳ ಮೇಜಿಗೆ ಸಾಗಹಾಕಿದ್ದಳು. ಈ ಸಲ ಮನೆಯ ಕಂಪ್ಯೂಟರಿನಿಂದಲೇ ಪರೀಕ್ಷೆ ಬರೆಯಬಹುದು ಎಂದಿದ್ದರು. ಒಂದು ತಿಂಗಳಿಂದ ಅವಳ ಬೆರಳುಗಳು ಹೊದಿಕೆಯ ಮೇಲೂ ಟೈಪ್ ಮಾಡುತ್ತಿದ್ದವು.

ಇನ್ನು ಗ್ರಂಥಪಾಲರ ವಿಷಯ. ತಪ್ಪು ಜಾಗದಲ್ಲಿಟ್ಟ ಪುಸ್ತಕ ಕಳೆದುಹೋದ ಪುಸ್ತಕಕ್ಕೆ ಸಮ ಎಂದು ನಂಬಿ ಇಪ್ಪತ್ತೈದು ವರ್ಷ ಗ್ರಂಥಾಲಯ ನಡೆಸಿದವರು. ಆ ನಂಬಿಕೆಯನ್ನು ಅವರು ಮನೆಗೂ ತಂದಿದ್ದರು. ಒಮ್ಮೆ ಅಡುಗೆಮನೆಯ ಡಬ್ಬಗಳನ್ನೆಲ್ಲ ಅಕಾರಾದಿಯಲ್ಲಿ ಜೋಡಿಸಿದ್ದರಿಂದ ಸಕ್ಕರೆಯ ಪಕ್ಕಕ್ಕೆ ಸಾಬೂನಿನ ಪುಡಿ ಬಂದು ಕೂತಿತ್ತು. ಮರುದಿನದ ಕಾಫಿಯಲ್ಲಿ ನೊರೆ ಎಂದೂ ಕಾಣದಷ್ಟು ಚೆನ್ನಾಗಿ ಬಂದಿತ್ತು! ಕುಡಿದವರು ಅತ್ತೆ. ಅಂದಿನಿಂದ ಅಳಿಯನ ಮೇಲೆ ಅವರು ಒಂದು ಕಣ್ಣಿಟ್ಟಿದ್ದಾರೆ.

ಹತ್ತು ಗಂಟೆಯೊಳಗೆ ಟಿವಿಯ ಬೆನ್ನು ಫಳಫಳ ಹೊಳೆಯಿತು. ರಿಮೋಟುಗಳಿಗೆ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಅಭ್ಯಂಜನವಾಯಿತು. ಫ್ಯಾನಿನ ರೆಕ್ಕೆಯ ಧೂಳು ಗ್ರಂಥಪಾಲರ ತಲೆಗೆ ವರ್ಗವಾಯಿತು. ಇಷ್ಟಕ್ಕೇ ನಿಂತಿದ್ದರೆ ಈ ಕಥೆ ಹುಟ್ಟುತ್ತಿರಲಿಲ್ಲ. ಆದರೆ ಗೆದ್ದ ಎತ್ತಿನ ಬಾಲ ಹಿಡಿಯುವವರು ಹೊರಗಿನವರೇ ಆಗಬೇಕೆಂದಿಲ್ಲ. ಗ್ರಂಥಪಾಲರು ತಮ್ಮ ಬಾಲ ತಾವೇ ಹಿಡಿದುಕೊಂಡು ಕಂಪ್ಯೂಟರ್ ಮೇಜಿನ ಕಡೆ ನಡೆದರು.

"ಅಳಿಯಂದಿರೇ, ಅದನ್ನ ಮುಟ್ಟಬೇಡಿ ಅಂದ್ಳು ನನ್ನ ಮಗಳು," ಎಂದರು ಅತ್ತೆ, ಬಟಾಣಿಯಿಂದ ಕಣ್ಣು ತೆಗೆಯದೆ.

"ಕಂಪ್ಯೂಟರ್ ಬಿಚ್ಚಬೇಡಿ ಅಂದ್ಳು, ಅತ್ತೆ. ಇದು ಬರೀ ಕೀಬೋರ್ಡು. ಪುಸ್ತಕದ ರಟ್ಟು ಒರೆಸಿದ್ರೆ ಪುಸ್ತಕ ಹರಿದ ಹಾಗಾ?"

ಕೀಬೋರ್ಡನ್ನು ಬೋರಲು ಹಾಕಿ ಬೆನ್ನಿಗೆ ನಾಲ್ಕು ಗುದ್ದಿದರು. ಬಿಸ್ಕತ್ತಿನ ಪುಡಿ, ಕೂದಲು, ಪೆನ್ಸಿಲ್ ಸಿಪ್ಪೆ ಮತ್ತು ಎರಡು ವರ್ಷದಿಂದ ಮನೆಯೆಲ್ಲ ಹುಡುಕಿಸಿದ್ದ ಕಿವಿಯೋಲೆಯ ತಿರುಪು ಉದುರಿದವು. ತಿರುಪು ಕಂಡದ್ದೇ ತಡ, ಗ್ರಂಥಪಾಲರ ಉತ್ಸಾಹ ಕಟ್ಟೆಯೊಡೆಯಿತು. ಇನ್ನೊಂದು ತಿರುಪಿರಬಹುದು ಎಂದು ಚಮಚದ ಹಿಡಿ ತೂರಿಸಿ ಒಂದು ಗುಂಡಿ ಎಬ್ಬಿಸಿದರು. ಟಪ್ ಎಂದು ಎದ್ದು ಬಂತು. ಇಷ್ಟು ಸುಲಭವೇ! ಟಪ್, ಟಪ್, ಟಪ್.

"ಹಲ್ಲು ಕೀಳ್ತಾ ಇದ್ದೀರಾ?" ಎಂದು ಕೇಳಿದರು ಅತ್ತೆ.

ಗುಂಡಿಗಳನ್ನೆಲ್ಲ ಜರಡಿಗೆ ಸುರಿದು, ಸಾಬೂನು ನೀರಿನಲ್ಲಿ ಅಲುಗಿಸಿ, ಕಿಟಕಿಯ ಬಿಸಿಲಿಗೆ ಟವಲ್ ಹಾಸಿ ಒಣಹಾಕಿದರು. ಎಫ್ ಮತ್ತು ಜೆ ಎಂಬ ಎರಡು ಗುಂಡಿಗಳ ಮೇಲೆ ಸಣ್ಣದೊಂದು ಉಬ್ಬುಗೆರೆ ಇತ್ತು. ಅಂಟಿದ ಕೊಳೆ ಇರಬೇಕೆಂದು ಐದು ನಿಮಿಷ ತಿಕ್ಕಿದರೂ ಹೋಗಲಿಲ್ಲ. ಹಾಳಾಗಲಿ ಎಂದು ಬಿಟ್ಟರು.

ಮಧ್ಯಾಹ್ನ ಊಟವಾದ ಮೇಲೆ ಮರುಜೋಡಣೆ ಶುರುವಾಯಿತು. ಕ್ಯೂ, ಡಬ್ಲ್ಯೂ, ಇ, ಆರ್... ಗ್ರಂಥಪಾಲರ ಕೈ ತಡೆಯಿತು. ಇದು ಯಾವ ಸೀಮೆಯ ಕ್ರಮ? ಎ ಎಂಬ ಮೊದಲನೇ ಅಕ್ಷರ ಎರಡನೇ ಸಾಲಿನಲ್ಲಿ, ಬಿ ಮೂರನೆಯದರಲ್ಲಿ! ಇಂಥ ಕಪಾಟು ಇಟ್ಟ ಸಹಾಯಕನನ್ನು ಅವರು ಒಂದು ವಾರವೂ ಇಟ್ಟುಕೊಳ್ಳುತ್ತಿರಲಿಲ್ಲ. ಗ್ರಂಥಾಲಯದ ಪತ್ರಗಳನ್ನು ಒಂದೇ ಬೆರಳಲ್ಲಿ ಹುಡುಕಿ ಹುಡುಕಿ ಕುಟ್ಟಿ ಅವರ ಆಯಸ್ಸೇ ಸವೆದಿತ್ತು. ಪಾಪ, ಹೆಂಡತಿಯೂ ಹೀಗೇ ಹುಡುಕುತ್ತಿರಬೇಕಲ್ಲ? ಕಳೆದ ಸಲದ ಆ ಎರಡು ಪದ ಈ ಹುಡುಕಾಟದಲ್ಲೇ ಹೋದದ್ದಿರಬೇಕಲ್ಲ? ಅವರ ಕಣ್ಣು ತೇವವಾಯಿತು. ಗಂಡನಾಗಿ ಹುಟ್ಟಿದ್ದಕ್ಕೆ ಇವತ್ತೊಂದು ಉಪಕಾರ ಮಾಡಿಯೇ ತೀರಬೇಕು!

ಮೊದಲ ಸಾಲಿಗೆ ಎ ಇಂದ ಜೆ, ಎರಡನೆಯದಕ್ಕೆ ಕೆ ಇಂದ ಎಸ್, ಮೂರನೆಯದಕ್ಕೆ ಟಿ ಇಂದ ಝಡ್. ಹತ್ತು, ಒಂಬತ್ತು, ಏಳು. ಇಪ್ಪತ್ತಾರೂ ಅಳತೆ ಮಾಡಿಸಿದ ಹಾಗೆ ಕೂತವು. ಪದಗಳ ನಡುವೆ ಜಾಗ ಬಿಡುವ ಉದ್ದ ಪಟ್ಟಿಯ ಕೆಳಗಿನದೊಂದು ತಂತಿ ಮಾತ್ರ ಉಳಿಯಿತು. ಅದನ್ನು ಲಕೋಟೆಗೆ ಹಾಕಿ, ಮೇಲೆ 'ಇತರೆ' ಎಂದು ಬರೆದು, ಖಾನೆಯಲ್ಲಿಟ್ಟರು.

ಹೆಂಡತಿ ಬಂದಾಗ ಮೂರೂವರೆ. ಮುಖ ತೊಳೆದು, ನೀರು ಕುಡಿದು, ನೇರ ಹೋಗಿ ಕುಳಿತಳು. ಕಣ್ಣು ತೆರೆಯ ಮೇಲೆ, ಕೈ ಕೀಬೋರ್ಡಿನ ಮೇಲೆ.

"ಹೊಳೀತಿದೆ ಅಲ್ವಾ?" ಎಂದರು ಗ್ರಂಥಪಾಲರು ಹಿಂದಿನಿಂದ.

"ಹೂಂ. ಯಾಕೋ ಕೀಬೋರ್ಡು ಸರಿದಿದೆ," ಎಂದು ಅವಳು ಅದನ್ನು ಎಡಕ್ಕೂ ತನ್ನ ಕಡೆಗೂ ಎಳೆದುಕೊಂಡು, ಗುಪ್ತಪದ ಟೈಪ್ ಮಾಡಿದಳು. ತಪ್ಪು ಎಂದಿತು ಯಂತ್ರ. ಇನ್ನೊಮ್ಮೆ ಮಾಡಿದಳು. ತಪ್ಪು, ಇನ್ನು ಒಂದೇ ಅವಕಾಶ, ಆಮೇಲೆ ಪರೀಕ್ಷೆಯ ಪುಟ ಮುಚ್ಚಿಹೋಗುತ್ತದೆ ಎಂದು ಕೆಂಪಕ್ಷರದಲ್ಲಿ ಬಂತು.

"ನೋಡಿಕೊಂಡು ಒತ್ತು ಕಣೇ. ಈಗ ಎಲ್ಲ ಸಾಲಾಗಿ ಇದೆ, ಹುಡುಕೋ ಕೆಲಸಾನೇ ಇಲ್ಲ."

ಹದಿನೆಂಟು ವರ್ಷದಲ್ಲಿ ಮೊದಲ ಸಲ ಅವಳು ಕೀಬೋರ್ಡಿನ ಕಡೆ ನೋಡಿದಳು. ನೋಡುತ್ತಲೇ ಇದ್ದಳು.

"ಏನ್ರೀ ಇದು?"

"ಅಕಾರಾದಿ."

"ನನ್ನ ಹದಿನೆಂಟು ವರ್ಷ ತೊಳೆದುಹಾಕಿದ್ರಲ್ರೀ!"

ಅವಳು ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು, ಬೈದಿದ್ದರೆ ಬೈಸಿಕೊಳ್ಳಬಹುದಿತ್ತು. ಎರಡೂ ಮಾಡದೆ ಗಡಿಯಾರ ನೋಡಿದಳು. ಮೂರು ಮುಕ್ಕಾಲು. ಗ್ರಂಥಪಾಲರು ಚಮಚ ಹಿಡಿದು ಓಡಿಬಂದರು. "ಎಲ್ಲ ಕಿತ್ತು ಮೊದಲಿನ ಹಾಗೇ ಇಡ್ತೀನಿ! ಕ್ಯೂ ಆದ್ಮೇಲೆ ಡಬ್ಲ್ಯೂ... ಎರಡನೇ ಸಾಲಲ್ಲಿ ಏನೇನಿತ್ತು, ಹೇಳು, ಹೇಳು!"

"ನಂಗೇನ್ ಗೊತ್ತು? ಬೆರಳಿಗೆ ಗೊತ್ತು. ಚಮಚ ಕೆಳಗಿಡಿ!"

"ಅಕ್ಷರಗಳು ಜಾಗ ಬಿಟ್ಟಿವೆಯಲ್ಲೇ..."

"ಈ ಗುಂಡಿ ಬರೀ ಟೊಪ್ಪಿಗೆ. ಅಕ್ಷರ ಟೊಪ್ಪಿಗೇಲಿಲ್ಲ ಕಣ್ರೀ, ಅದರ ಕೆಳಗಿನ ತಲೇಲಿದೆ. ಟೊಪ್ಪಿಗೆ ಬದಲಾಯಿಸಿದ್ರೆ ತಲೆ ಬದಲಾಗುತ್ತಾ?" ಅವಳು ಖಾಲಿ ಪುಟವೊಂದನ್ನು ತೆರೆದು ಒಂದೊಂದೇ ಗುಂಡಿ ಒತ್ತಿದಳು. ಮೇಲೆ ಎ ಎಂದಿದ್ದದ್ದನ್ನು ಒತ್ತಿದರೆ ತೆರೆಯ ಮೇಲೆ ಕ್ಯೂ ಬಂತು. ಬಿ ಒತ್ತಿದರೆ ಡಬ್ಲ್ಯೂ. "ನೋಡಿದ್ರಾ? ನೀವು ಬದಲಾಯಿಸಿದ್ದು ಬರೀ ಹೆಸರು ಹಲಗೆ. ನನಗೆ ಬೇಕಾದ್ದು ಉಬ್ಬುಗೆರೆ ಇರೋ ಎರಡೇ ಗುಂಡಿ. ತೋರುಬೆರಳು ಅದನ್ನ ಹುಡುಕಿಕೊಂಡು ಕೂರುತ್ತೆ, ಮಿಕ್ಕ ಎಂಟೂ ಅದರ ಹಿಂದೆ ಬರ್ತವೆ. ಅವೆರಡನ್ನ ಸ್ವಸ್ಥಾನಕ್ಕೆ ಸೇರಿಸಿ, ಸಾಕು."

ಎಫ್ ಮೂಡುವ ಜಾಗಕ್ಕೆ ಎಫ್, ಜೆ ಮೂಡುವ ಜಾಗಕ್ಕೆ ಜೆ. ಅಲ್ಲಿದ್ದ ಎನ್ ಮತ್ತು ಕ್ಯೂ ಮೇಲಿನ ಸಾಲಿನ ಖಾಲಿ ಗೂಡುಗಳಿಗೆ ಹೋದವು. ಎ, ಬಿ, ಸಿ, ಡಿ, ಇ, ಎನ್! ಗ್ರಂಥಪಾಲರು ಮುಖ ಆ ಕಡೆ ತಿರುಗಿಸಿಕೊಂಡರು. ಹೆಂಡತಿ ಕಣ್ಣು ಮುಚ್ಚಿ ಮೂರನೇ ಸಲ ಗುಪ್ತಪದ ಹೊಡೆದಳು. ಪುಟ ತೆರೆಯಿತು. ಅತ್ತೆ ಬಟಾಣಿಯ ತಟ್ಟೆ ಸಮೇತ ಬಾಗಿಲಿಗೆ ಬಂದು ನಿಂತರು.

ಹತ್ತು ನಿಮಿಷ ಮೊದಲೇ ತೆರೆಯ ಮೇಲೆ ಪರೀಕ್ಷಾ ಮೇಲ್ವಿಚಾರಕಿ ಕಾಣಿಸಿಕೊಂಡರು. ಕನ್ನಡಕ ಹಾಕಿದ, ನಗು ಮರೆತ ಹೆಂಗಸು. "ಕ್ಯಾಮೆರಾ ತಿರುಗಿಸಿ. ಕೋಣೆ ತೋರಿಸಿ. ಮೇಜು ತೋರಿಸಿ. ಕೀಬೋರ್ಡು... ಏನಮ್ಮ ಅದು?"

"ನಮ್ಮ ಯಜಮಾನ್ರು ಗ್ರಂಥಪಾಲರು, ಮೇಡಂ."

ಮೇಲ್ವಿಚಾರಕಿ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. "ಇದರಲ್ಲಿ ಬರೀತೀರಾ?"

"ಬರೀತೀನಿ."

ನಾಲ್ಕಕ್ಕೆ ಸರಿಯಾಗಿ ಶುರುವಾಯಿತು. ಬೆರಳುಗಳು ಮಳೆ ಹೊಡೆದ ಹಾಗೆ ಹೊಡೆದವು. ಆದರೆ ತಂತಿ ಕಳಚಿದ ಉದ್ದ ಪಟ್ಟಿ ಒಂದೊಂದು ಪದ ಮುಗಿದಾಗಲೂ ಕಿರ್ರ್ ಎನ್ನುತ್ತಿತ್ತು.

"ಕೋಣೇಲಿ ಹಕ್ಕಿ ಇದೆಯಾ?" ಎಂದು ಕೇಳಿದರು ಮೇಲ್ವಿಚಾರಕಿ.

ಗ್ರಂಥಪಾಲರು ಬಾಗಿಲ ಬಳಿ ಕಿರ್ರ್‌ಗಳನ್ನು ಎಣಿಸುತ್ತಾ ನಿಂತಿದ್ದರು. ಹೆಂಡತಿಯ ಕತ್ತಿನ ಹಿಂದೆ ಬೆವರಿನ ಗೆರೆ ಇಳಿಯುತ್ತಿತ್ತು. ಅವಳು ಟೈಪ್ ಮಾಡುವುದನ್ನು ತಾನು ಇಷ್ಟು ವರ್ಷದಲ್ಲಿ ಒಂದು ದಿನವೂ ನಿಂತು ನೋಡಿಲ್ಲ ಎಂಬುದು ಅವರಿಗೆ ಆಗ ಹೊಳೆಯಿತು. ಒಂದು ಸಲ ನೋಡಿದ್ದರೂ ಅವಳು ಹುಡುಕುವುದಿಲ್ಲ ಎಂದು ತಿಳಿಯುತ್ತಿತ್ತು. ನಾಚಿಕೆಯಾಯಿತು.

ಹತ್ತು ನಿಮಿಷ ಮುಗಿಯಿತು. ಅವಳು ಕೈ ಮಡಚಿಕೊಂಡಳು.

"ಫಲಿತಾಂಶ ಬಂದಿದೆ," ಎಂದರು ಮೇಲ್ವಿಚಾರಕಿ. "ಆದರೆ ಸಲಕರಣೆಯಲ್ಲಿ ಬದಲಾವಣೆ ಆಗಿದ್ದರೆ, ಬದಲಾವಣೆ ಮಾಡಿದವರು ಇದೇ ಪುಟದಲ್ಲಿ, ತಮ್ಮ ಕೈಯಾರೆ ವಿವರಣೆ ಟೈಪ್ ಮಾಡಬೇಕು. ಹದಿನೈದು ನಿಮಿಷ. ಇಲ್ಲದಿದ್ದರೆ ಫಲಿತಾಂಶ ರದ್ದು. ಅಭ್ಯರ್ಥಿ ಕೀಬೋರ್ಡು ಮುಟ್ಟಬಾರದು."

ಗ್ರಂಥಪಾಲರನ್ನು ಕುರ್ಚಿಯಲ್ಲಿ ಕೂರಿಸಲಾಯಿತು. ಬರೆಯಬೇಕಾದದ್ದು ಮನಸ್ಸಿನಲ್ಲಿ ಸಿದ್ಧವಿತ್ತು. ಗುಂಡಿಗಳನ್ನು ಕಿತ್ತು ತೊಳೆದು ತಪ್ಪಾಗಿ ಜೋಡಿಸಿದವನು ನಾನು, ನನ್ನ ಹೆಂಡತಿಯದು ಏನೂ ತಪ್ಪಿಲ್ಲ. ಹತ್ತು ಪದ. ಮೊದಲ 'ಗು'ವಿಗೆ ಬೇಕಾದ ಜಿ ಎಂದಿದ್ದ ಕಡೆ ಒಂಟಿ ಬೆರಳು ಇಳಿಸಿದರು. ತೆರೆಯ ಮೇಲೆ ಯು ಬಂತು. ಅಳಿಸಿದರು. ಹಳೇ ಜಾಗ ನೆನೆಸಿಕೊಂಡು ಒತ್ತೋಣವೆಂದರೆ ಕಣ್ಣು ಮತ್ತೆ ಮತ್ತೆ ಟೊಪ್ಪಿಗೆಯ ಮೇಲೇ ಬೀಳುತ್ತಿತ್ತು. ಇಡೀ ಮನೆಯಲ್ಲಿ ಗುಂಡಿ ನೋಡಿಕೊಂಡು ಟೈಪ್ ಮಾಡುವವರು ಅವರೊಬ್ಬರೇ. ಅಕಾರಾದಿಯಿಂದ ಕೆಟ್ಟವರೂ ಅವರೊಬ್ಬರೇ!

"ಜಿ ಎಲ್ಲಿದೆಯೇ?"

"ಅಕಾರಾದಿಯಲ್ಲಿದೆಯಲ್ಲ, ಹುಡುಕ್ಕೊಳ್ಳಿ," ಎಂದರು ಅತ್ತೆ ಬಾಗಿಲಿಂದ.

ಐದು ನಿಮಿಷ ಕಳೆದರೂ ಒಂದು ಪದ ಮೂಡಲಿಲ್ಲ. ಕಳೆದ ಸಲದ ಹಾಗೆ ಜ್ವರ ಬಂದಿದ್ದರೆ ಹಣೆಬರಹ ಎನ್ನಬಹುದು. ಗಂಡ ಬಂದದ್ದಕ್ಕೆ ಏನೆನ್ನುವುದು?

ಹೆಂಡತಿ ಅವರ ಹಿಂದೆ ಬಂದು ನಿಂತಳು. ಕಣ್ಣು ಮುಚ್ಚಿದಳು. ಎರಡೂ ಕೈಯನ್ನು ಅವರ ಹೆಗಲ ಮೇಲಿಟ್ಟು, "ಉಬ್ಬುಗೆರೆ ಮೇಲೆ ತೋರುಬೆರಳಿಡಿ. ಕೆಳಗೆ ನೋಡಿದ್ರೆ ನೋಡಿ! ನಾನು ಎಲ್ಲಿ ತಟ್ತೀನೋ ಅದೇ ಬೆರಳು," ಎಂದಳು. ಎಡ ಹೆಗಲ ಮೇಲೆ ತೋರುಬೆರಳು ತಟ್ಟಿ, "ಒಂದು ಮನೆ ಬಲಕ್ಕೆ," ಎಂದು ಪಿಸುಗುಟ್ಟಿದಳು. ಜಿ ಬಂತು!

"ಮೇಡಂ, ನಿಮ್ಮ ಕೈ ಕೀಬೋರ್ಡಿಂದ ದೂರ ಇರಲಿ," ಎಂದರು ಮೇಲ್ವಿಚಾರಕಿ.

"ದೂರಾನೇ ಇದೆ ಮೇಡಂ. ನನ್ನ ಗಂಡನ ಮೇಲಿದೆ."

ಮೇಲ್ವಿಚಾರಕಿ ನಿಯಮದ ಪುಸ್ತಕವನ್ನು ಹಿಂದೆ ಮುಂದೆ ಮಗುಚಿದರು. ಗಂಡನ ಮೇಲೆ ಟೈಪ್ ಮಾಡಬಾರದೆಂದು ಎಲ್ಲೂ ಬರೆದಿರಲಿಲ್ಲ.

ತಟ್ಟು, ಒತ್ತು, ಕಿರ್ರ್. ತಟ್ಟು, ಒತ್ತು, ಕಿರ್ರ್. ಹೆಗಲು ಹಣ್ಣಾಯಿತು. ಹದಿನಾಲ್ಕನೇ ನಿಮಿಷಕ್ಕೆ ಕೊನೆಯ ಪದ ಬಿತ್ತು. ಮೇಲ್ವಿಚಾರಕಿ ಓದಿದರು, ಕೆಮ್ಮಿದರು.

"ಸಮಯಕ್ಕೆ ಸರಿಯಾಗಿ ಬಂದಿದೆ. ಫಲಿತಾಂಶ ಊರ್ಜಿತ. ನಿಮಿಷಕ್ಕೆ ಎಪ್ಪತ್ತೊಂಬತ್ತು ಪದ, ಎಲ್ಲರಿಗಿಂತ ಮೇಲೆ. ಸೋಮವಾರದಿಂದ ವಿಭಾಗದ ಮುಖ್ಯಸ್ಥೆ ನೀವು. ಅಭಿನಂದನೆ!" ಅವರು ಮೊದಲ ಬಾರಿಗೆ ನಕ್ಕರು.

ಹೆಂಡತಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅತ್ತೆಯ ತಟ್ಟೆಯಿಂದ ಬಟಾಣಿ ನೆಲದ ತುಂಬ ಉರುಳಿತು. ಗ್ರಂಥಪಾಲರು ನಿಟ್ಟುಸಿರು ಬಿಟ್ಟು ಕುರ್ಚಿಯಿಂದ ಏಳಲು ಹೊರಟರು.

"ಒಂದು ನಿಮಿಷ," ಎಂದರು ಮೇಲ್ವಿಚಾರಕಿ. "ಈ ವಿವರಣೆಯಲ್ಲಿ ಹತ್ತು ಪದಕ್ಕೆ ಏಳು ತಪ್ಪಿದೆ. ಕಡತಕ್ಕೆ ಹೋಗೋ ಕಾಗದ. ಹೀಗೇ ಬಿಡೋದಾ, ತಿದ್ದಿಸೋದಾ ಅನ್ನೋದು ಮುಖ್ಯಸ್ಥೆಯವರ ಇಷ್ಟ."

ಗ್ರಂಥಪಾಲರು ಆಸೆಯಿಂದ ಹೆಂಡತಿಯ ಕಡೆ ತಿರುಗಿದರು. ಅವಳು ಕಣ್ಣೊರೆಸಿಕೊಂಡು, ಬಗ್ಗಿ, ತೆರೆಯ ಮೇಲಿದ್ದ ಹತ್ತೂ ಪದಗಳನ್ನು ನಿಧಾನವಾಗಿ ಓದಿದಳು. ಆಮೇಲೆ ಅವರನ್ನು ಮೆತ್ತಗೆ ಮತ್ತೆ ಕುರ್ಚಿಗೆ ಒತ್ತಿ, ಅವರ ಹೆಗಲಿಂದ ಕೈ ತೆಗೆದು, ಎರಡು ಹೆಜ್ಜೆ ಹಿಂದೆ ಸರಿದು ನಿಂತಳು.

"ಅಳಿಸಿ. ಮೊದಲಿಂದ ಬರೀರಿ."