ಹತ್ತು ಬೆರಳಿಗೆ ಹತ್ತು ದರ

ನಮ್ಮ ಕಾಕಾ ತಮ್ಮ ರಕ್ತದ ಜೊತೆಗೂ ಚೌಕಾಸಿ ಮಾಡಿದವರು ಎಂದರೆ ನೀವು ನಂಬಲಿಕ್ಕಿಲ್ಲ. ನಾನು ಕಣ್ಣಾರೆ ಕಂಡವನು. ಒಮ್ಮೆ ಆ ವ್ಯವಹಾರಕ್ಕೆ ನನ್ನ ರಕ್ತವನ್ನೂ ಒದಗಿಸಿದವನು!

ಜಮಖಂಡಿ ಕಡೆಯಿಂದ ಬಂದು ಪುಣೆಯಲ್ಲಿ ನಲವತ್ತು ವರ್ಷ ಸೀರೆ ಅಂಗಡಿ ನಡೆಸಿದ ಮನುಷ್ಯ. ಯಾರೇ ಒಂದು ಅಂಕಿ ಹೇಳಿದರೂ ಅದು ಮಾತುಕತೆಯ ಆರಂಭ ಮಾತ್ರ ಎಂಬುದು ಅವರ ಸಿದ್ಧಾಂತ. ಇಂಥವರಿಗೆ ಶಿವಾಜಿನಗರದ ಡಾಕ್ಟರು, ವರದಿ ಗಡಿಯ ಮೇಲಿದೆ, ಹದಿನೈದು ದಿನ ಮನೆಯಲ್ಲೇ ರಕ್ತದ ಸಕ್ಕರೆ ನೋಡಿ ಬರೆದು ತನ್ನಿ, ಮತ್ತೊಮ್ಮೆ ತಪಾಸಣೆ ಮಾಡಿ ಸಕ್ಕರೆ ರೋಗ ಹೌದೋ ಅಲ್ಲವೋ ಹೇಳುತ್ತೇನೆ ಎಂದರು. ಅಷ್ಟಕ್ಕೇ ಬಿಟ್ಟಿದ್ದರೆ ಚಿಂತೆಯಿರಲಿಲ್ಲ. ಹೌದು ಎಂದಾದರೆ ಬರಿಗಾಲ ನಡಿಗೆ ಬಂದ್, ಮುಂದೆ ಕಾಲಿಗೆ ಗಾಯವಾದರೂ ತಿಳಿಯದೆ ಹೋದೀತು ಎಂದೂ ಸೇರಿಸಿದರು. ಕಾಕಾ ಇಪ್ಪತ್ತೆರಡು ವರ್ಷದಿಂದ, ಪ್ರತಿ ಆಷಾಢಕ್ಕೆ ಸಂತರ ಪಾದುಕೆ ಹೊತ್ತು ಹೊರಡುವ ಪಾಲಖಿಯ ಹಿಂದೆ ಪುಣೆಯಿಂದ ಸಾಸವಡದವರೆಗೆ ಬರಿಗಾಲಲ್ಲೇ ನಡೆದವರು. ಪಾಲಖಿಗೆ ಇನ್ನೊಂದು ತಿಂಗಳಿತ್ತು.

ವಾಕಡದ ನನ್ನ ಮನೆಯ ಹತ್ತಿರದ ಅಂಗಡಿಯಿಂದ ಯಂತ್ರ ತಂದುಕೊಟ್ಟವನು ನಾನೇ. ಮೊದಲ ದಿನ ಬರಿಹೊಟ್ಟೆಯಲ್ಲಿ ತೋರುಬೆರಳು ನೂರ ಮೂವತ್ತೊಂದು ಎಂದಿತು. ಕಾಕಾ ಆ ಅಂಕಿಯನ್ನು ಹಟಮಾರಿ ಗಿರಾಕಿಯನ್ನು ನೋಡಿದ ಹಾಗೆ ನೋಡಿ, ಚುಚ್ಚುವ ಪೆನ್ನಿಗೆ ಹೊಸ ಸೂಜಿ ತೊಡಿಸಿಕೊಂಡು ಉಂಗುರದ ಬೆರಳಿಗೆ ಹೋದರು. ನೂರ ಇಪ್ಪತ್ತಾರು. ಕಿರುಬೆರಳು ನೂರ ಹದಿನೇಳಕ್ಕೆ ಇಳಿಯಿತು.

"ಇದು ದುಡಿಯದ ಬೆರಳು ನೋಡು. ಇದಕ್ಕ ಯಾರ ಹಂಗೂ ಇಲ್ಲ, ಖರೇ ಹೇಳ್ತದ" ಎಂದು ಅದನ್ನೇ ಪುಸ್ತಕದಲ್ಲಿ ಬರೆದರು. ಐದನೆಯ ದಿನಕ್ಕೆ ಆ ಸತ್ಯವಂತ ಬೆರಳು ಬಾತು, ಅವರ ಹೆಂಡತಿ, ನಮ್ಮ ಕಾಕು, ಅದಕ್ಕೆ ಅರಿಶಿನ ಹಚ್ಚಬೇಕಾಯಿತು. ಸತ್ಯ ಹೇಳಿದವರಿಗೆ ಇದಕ್ಕಿಂತ ಹೆಚ್ಚು ಏನು ಸಿಕ್ಕೀತು?

ಊಟವಾಗಿ ಎರಡು ತಾಸಿಗೆ ಇನ್ನೊಂದು ಪರೀಕ್ಷೆ. ಆ ಎರಡು ತಾಸೂ ಕಾಕಾ ತಮ್ಮ ವಸತಿ ಸೊಸೈಟಿಯ ಸುತ್ತ ತಲೆ ತಗ್ಗಿಸಿ ತಿರುಗುವರು. ಮೂರನೆಯ ದಿನ ವಾಚಮನ್ ಏನು ಕಳಕೊಂಡಿರಿ ಎಂದು ಮರಾಠಿಯಲ್ಲಿ ವಿನಯದಿಂದ ಕೇಳಿ, ತಾನೂ ನೆಲ ನೋಡುತ್ತ ನಾಲ್ಕು ಸುತ್ತು ಬಂದನಂತೆ. ಅಂದು ಕಾಕಾರ ಸಕ್ಕರೆ ಇಳಿಯಿತು. ವಾಚಮನ್ನನದು ಎಷ್ಟು ಇಳಿಯಿತೋ ಯಾರೂ ನೋಡಲಿಲ್ಲ.

ಒಂಬತ್ತನೆಯ ದಿನ ರವಿವಾರ. ನಾನು ಬೆಳಿಗ್ಗೆಯೇ ಹೋದಾಗ ಹತ್ತರಲ್ಲಿ ಒಂದು ಬೆರಳೂ ದರ ಇಳಿಸಿರಲಿಲ್ಲ. ಯಂತ್ರವೇ ಸುಳ್ಳು ಹೇಳುತ್ತಿರಬೇಕೆಂದು ನನ್ನ ಬೆರಳು ಚುಚ್ಚಿಸಿದರು. ತೊಂಬತ್ತೆರಡು! ತಮ್ಮ ಅಂಗಡಿಯಲ್ಲಿ ನೂರು ಸೀರೆ ಬಿಚ್ಚಿಸಿ ಎದುರಿನ ಅಂಗಡಿಯಲ್ಲಿ ಕೊಂಡವರನ್ನು ನೋಡುವ ಹಾಗೆ ನನ್ನನ್ನು ನೋಡಿದರು.

ಯಂತ್ರ ಹಳೆಯ ಅಂಕಿಗಳನ್ನೆಲ್ಲ ನೆನಪಿಟ್ಟುಕೊಂಡಿರುತ್ತದೆ ಎಂಬುದು ಕಾಕಾರಿಗೆ ಗೊತ್ತಿರಲಿಲ್ಲ. ಕಾಕುಗೆ ಗೊತ್ತಿತ್ತು, ಗುಂಡಿ ಒತ್ತಿ ನೋಡುವುದನ್ನು ನಾನೇ ಕಲಿಸಿದ್ದೆ. ಅಡಿಗೆಮನೆಯಿಂದ ಬಂದು ಕೂತು, ಒಂದು ಕಣ್ಣು ಯಂತ್ರದ ಮೇಲೆ, ಒಂದು ಪುಸ್ತಕದ ಮೇಲೆ ಇಟ್ಟು ಒಂಬತ್ತು ದಿನವನ್ನೂ ಓದಿದರು. ಸಿಟ್ಟಾಗಲಿಲ್ಲ.

"ಡಾಕ್ಟರಿಗೆ ಈ ಪುಸ್ತಕ ತೋರಸ್ತೀರಿ. ನಿಮ್ಮ ಕಾಲಿಗೆ ಏನ್ ತೋರಸ್ತೀರಿ?"

ಕಾಕಾ ಪುಸ್ತಕ ಮುಚ್ಚಿದರು. ಆಮೇಲೆ, ಪಾಠ ಒಪ್ಪಿಸದ ಹುಡುಗನ ದನಿಯಲ್ಲಿ, "ಬೂಟು ಹಾಕ್ಕೊಂಡು ಪಾಲಖಿ ಹಿಂದ ಹ್ಯಾಂಗ ನಡೀಲಿ?" ಅಂದರು.

ಕಾಕು ಮಂಡಿನೋವಿನವರು. ಇಪ್ಪತ್ತೆರಡು ವರ್ಷವೂ ಬುತ್ತಿ ಕಟ್ಟಿಕೊಂಡು ಬಸ್ಸಿನಲ್ಲಿ ಸಾಸವಡಕ್ಕೆ ಹೋಗಿ, ಗಂಡ ಬರುವ ದಾರಿ ಕಾದು ಕೂತವರು.

"ನೀವು ಬೂಟು ಹಾಕ್ಕೊಳ್ರಿ" ಅಂದರು ಕಾಕು. "ಈ ಸಲ ಬರಿಗಾಲಿಲೆ ನಾ ನಡೀತೀನಿ. ನಿಧಾನ ಬರ್ತೀನಿ, ನಿಂದ್ರಕೋತ ನಡೀರಿ."

ಕಾಕಾ ಆ ಬಾತ ಮಂಡಿಗಳನ್ನು, ಅವುಗಳ ಕೆಳಗಿನ ಸಣ್ಣ ಪಾದಗಳನ್ನು ನೋಡುತ್ತ ಕೂತರು. ಎದ್ದು ಹೋಗಿ ಕೈ ತೊಳೆದು ಬಂದು, ಅವರ ಪಕ್ಕ ಕೂತು ಅಂಗೈ ಚಾಚಿದರು.

"ಯಾವ ಬೆರಳರೆ ಆಗ್ಲಿ. ನೀನ ಚುಚ್ಚು."

ಕಾಕು ಸೂಜಿ ತೊಡಿಸಿದರು. ಚುಚ್ಚುವ ಮೊದಲು ಆ ಬೆರಳನ್ನು ಕೊಂಚ ಹೊತ್ತು ಸುಮ್ಮನೆ ಹಿಡಿದುಕೊಂಡರು.