ಯಾರ ಹೆಸರು ಮೇಲೆ?

ಜಗಳಕ್ಕೆ ದೊಡ್ಡ ಕಾರಣವೇ ಬೇಕು ಎಂದು ನಂಬಿರುವವರು ಒಂದೋ ಮದುವೆಯಾಗದವರು, ಇಲ್ಲವೇ ಯಾವ ಕಚೇರಿಯಲ್ಲೂ ಕೆಲಸ ಮಾಡದವರು. ನಾನು ಎರಡನ್ನೂ ಮಾಡಿರುವುದರಿಂದ ನನಗೆ ಆ ಭ್ರಮೆಯಿಲ್ಲ. ರಾಜಧಾನಿಯಾಚೆ ಮಾನೇಸರ್ ದಾರಿಯಲ್ಲಿರುವ ಒಂದು ವಿಶ್ವವಿದ್ಯಾಲಯದಲ್ಲಿ ನಾನು ಅಂತರರಾಷ್ಟ್ರೀಯ ಸಹಕಾರ ವಿಭಾಗದ ಉಪನಿರ್ದೇಶಕ. ಬೇರೆ ಬೇರೆ ದೇಶಗಳ ವಿಶ್ವವಿದ್ಯಾಲಯಗಳನ್ನು ಒಂದೇ ಮೇಜಿಗೆ ಕೂರಿಸಿ, ಒಪ್ಪಂದಕ್ಕೆ ಸಹಿ ಹಾಕಿಸಿ, ಆ ಮೂಲಕ ಲೋಕದಲ್ಲಿ ಶಾಂತಿಯನ್ನೂ ನೆರೆಹೊರೆಯಲ್ಲಿ ಅಭಿವೃದ್ಧಿಯನ್ನೂ ತರುವುದು ನನ್ನ ಕೆಲಸ. ಕಚೇರಿಯ ಬಾಗಿಲ ಮೇಲೆ ನನ್ನ ಹೆಸರು ಹಿತ್ತಾಳೆಯ ಅಕ್ಷರಗಳಲ್ಲಿ ಹೊಳೆಯುತ್ತದೆ. ಘಾಜಿಯಾಬಾದಿನ ನಮ್ಮ ಮನೆಯ ಬಾಗಿಲ ಮೇಲೆ ಮಾತ್ರ ಏನೂ ಇಲ್ಲ, ಎರಡು ಮೊಳೆಗಳಿವೆ ಅಷ್ಟೆ.

ಹೊಸ ಫ್ಲ್ಯಾಟಿಗೆ ಬಂದು ತಿಂಗಳುಗಳಾದರೂ ಅಲ್ಲಿ ನಾಮಫಲಕ ಏರಿಲ್ಲ. ಅದರಲ್ಲಿ ಯಾರ ಹೆಸರು ಮೇಲೆ ಬರಬೇಕು ಎನ್ನುವುದು ನನಗೂ ನನ್ನ ಹೆಂಡತಿ ವಿಜಯಳಿಗೂ ಇತ್ಯರ್ಥವಾಗಿಲ್ಲ. ಅವಳು ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ ಅಧಿಕಾರಿ. ಗಂಡಸಿನ ಹೆಸರು ಮೊದಲು ಬರೆಯುವುದು ವಾಡಿಕೆ ಎಂದು ನಾನು ಒಮ್ಮೆ ಬಾಯಿತಪ್ಪಿ ಅಂದೆ. "ಯಾರ ವಾಡಿಕೆ?" ಎಂದು ಕೇಳಿ ಅವಳು ಸುಮ್ಮನಾದಳು. ಅವಳು ಸುಮ್ಮನಾದರೆ ವಿಷಯ ಮುಗಿಯಿತೆಂದು ಅರ್ಥವಲ್ಲ. ಡೆಲಿವರಿ ಭಯ್ಯಾಗಳೆಲ್ಲ ನಮ್ಮ ಮನೆ ಗೊತ್ತಾಗದೆ ಎದುರುಮನೆಯ ಗಂಟೆ ಬಾರಿಸುತ್ತಾರೆ. ಎದುರುಮನೆಯವರು ನಮ್ಮ ಪಾರ್ಸಲ್ಲುಗಳನ್ನು ಕೈಗಿಡುವಾಗ ಪ್ರತಿಸಲವೂ ಖಾಲಿ ಮೊಳೆಗಳನ್ನು ನೋಡಿ ನಕ್ಕು ಹೋಗುತ್ತಾರೆ. ನಮ್ಮ ಮಗಳು ನಿಧಿ ಕೇಳಿದಾಗ ನಾನು "ಮಾತುಕತೆ ನಡೀತಾ ಇದೆ" ಅನ್ನುತ್ತೇನೆ. ಕಚೇರಿಯಲ್ಲೂ ಏನೂ ನಡೆಯದಿದ್ದಾಗ ಹಾಗೇ ಬರೆಯುವುದು.

ಇಂಥ ಕಾಲದಲ್ಲೇ ನದಿಯ ಒಪ್ಪಂದ ನನ್ನ ಮೇಜಿಗೆ ಬಂತು. ಒಂದು ದೊಡ್ಡ ನದಿ, ಅದರ ಎರಡು ದಡಗಳಲ್ಲಿ ನಮ್ಮದಲ್ಲದ ಎರಡು ದೇಶ, ಎರಡರ ನಡುವೆ ಅಷ್ಟಕ್ಕಷ್ಟೆ. ಎರಡೂ ದಡದ ಗದ್ದೆಗಳಿಗೆ ಸಮುದ್ರದ ಉಪ್ಪುನೀರು ನುಗ್ಗಿ ಬೆಳೆ ಸಾಯುತ್ತಿದೆ. ಈ ದಡದ ವಿಶ್ವವಿದ್ಯಾಲಯದಲ್ಲಿ ಉಪ್ಪನ್ನು ತಡೆದುಕೊಳ್ಳುವ ಭತ್ತದ ತಳಿಯಿದೆ, ಆ ದಡದ ವಿಶ್ವವಿದ್ಯಾಲಯದಲ್ಲಿ ಮಣ್ಣು ಪರೀಕ್ಷಿಸುವ ಒಳ್ಳೆಯ ಪ್ರಯೋಗಾಲಯವಿದೆ. ಇಬ್ಬರೂ ಸೇರಿದರೆ ಬರುವ ಬಿತ್ತನೆಗೆ ಬೀಜ ಸಿದ್ಧ. ಒಬ್ಬರ ಊರಿಗೆ ಇನ್ನೊಬ್ಬರು ಹೋಗುವಂತಿಲ್ಲವಾದ್ದರಿಂದ ಸಹಿ ನಮ್ಮಲ್ಲಿ ನಡೆಯಬೇಕೆಂದು ತೀರ್ಮಾನವಾಯಿತು. ಈ ದಡದಿಂದ ಒಬ್ಬ ಪ್ರೊಫೆಸರ್ ಬಂದರು, ಆ ದಡದಿಂದ ಒಬ್ಬ ಮೇಡಂ ಬಂದರು.

ಸಮಾನತೆಯ ವಿಷಯದಲ್ಲಿ ನಾನು ಯಾವ ಕೊರತೆಯನ್ನೂ ಮಾಡಲಿಲ್ಲ. ಒಂದೇ ಎತ್ತರದ ಕುರ್ಚಿ, ಒಂದೇ ಅಳತೆಯ ಬಾವುಟ. ಸನ್ಮಾನಕ್ಕೆಂದು ತರಿಸಿದ್ದ ಮೈಸೂರು ಪೇಟಗಳಲ್ಲಿ ಒಂದು ಕೊಂಚ ಎತ್ತರವಿದ್ದಂತೆ ಕಂಡು, ಟೇಪು ಹಿಡಿದು ಅಳೆದು, ಅದರ ನೆತ್ತಿಯನ್ನು ಅಂಗೈಯಿಂದ ಅದುಮಿ ಸರಿಮಾಡಿದೆ. ಇಷ್ಟೆಲ್ಲ ಆದಮೇಲೆ ಒಪ್ಪಂದದ ಮೊದಲ ಪುಟದಲ್ಲಿ ಯಾರ ವಿಶ್ವವಿದ್ಯಾಲಯದ ಹೆಸರು ಮೇಲೆ ಎಂಬ ಪ್ರಶ್ನೆ ಎದ್ದಿತು. ಅಕ್ಷರಮಾಲೆಯ ಪ್ರಕಾರ ಬರೆಯೋಣ ಅಂದರೆ ಪ್ರೊಫೆಸರರಿಗೆ ಲಾಭ, ಹಳೆಯದು ಮೊದಲು ಅಂದರೆ ಮೇಡಮ್ಮಿಗೆ ಲಾಭ. ನಾನು ಎರಡೂ ಹೆಸರುಗಳನ್ನು ನಾಣ್ಯದ ಅಂಚಿನಂತೆ ವೃತ್ತಾಕಾರವಾಗಿ ಬರೆಸಿ ತಂದೆ. ಇಬ್ಬರೂ ಹಾಳೆಯನ್ನು ತಮ್ಮ ಕಡೆಗೆ ತಿರುಗಿಸಿಕೊಳ್ಳುತ್ತಾ ಸ್ವಲ್ಪ ಹೊತ್ತು ಕಳೆದರು, ಹಾಳೆ ಹರಿಯಿತು. ನಮ್ಮ ಕುಲಪತಿಗಳು ನನ್ನನ್ನು ಪಕ್ಕಕ್ಕೆ ಕರೆದು, "ಕಲ್ ತಕ್ ಹೋ ಜಾನಾ ಚಾಹಿಯೇ" ಅಂದರು. ನಾಳೆಯೊಳಗೆ ಮುಗಿಯಲೇಬೇಕು, ಏಕೆಂದರೆ ನಾಳೆ ಸಂಜೆ ಇಬ್ಬರಿಗೂ ವಿಮಾನ. ಮತ್ತೆ ವೀಸಾ ಸಿಗುವ ಹೊತ್ತಿಗೆ ಬಿತ್ತನೆಯ ಕಾಲ ದಾಟಿರುತ್ತದೆ.

ಆ ರಾತ್ರಿ ಅವರನ್ನು ಚಾಣಕ್ಯಪುರಿಯಲ್ಲಿರುವ ನಮ್ಮ ರಾಜ್ಯದ ಅತಿಥಿಗೃಹಕ್ಕೆ ಊಟಕ್ಕೆ ಕರೆದುಕೊಂಡು ಹೋದೆ. ಕಚೇರಿ ಮುಗಿಸಿ ವಿಜಯಳೂ ಅಲ್ಲಿಗೇ ಬಂದಳು. ನೋಡಿದರೆ ಆ ಇಬ್ಬರೂ ಒಂದೇ ಮಸಾಲೆ ದೋಸೆಯನ್ನು ಮುರಿದು ಹಂಚಿಕೊಂಡು, ಭತ್ತದ ಬೇರಿನ ಬಗ್ಗೆ ಹಳೆಯ ಸ್ನೇಹಿತರಂತೆ ಮಾತಾಡುತ್ತಿದ್ದಾರೆ. ಮೇಡಂ ಫೋನಿನಲ್ಲಿ ಬಿಳಿಚಿಕೊಂಡ ಒಂದು ಗದ್ದೆ ತೋರಿಸಿದರು. ಅದು ಅವರ ತಮ್ಮನ ಗದ್ದೆಯಂತೆ. ಪ್ರೊಫೆಸರ್ ಅದನ್ನು ನೋಡಿ, ಕೈಯಲ್ಲಿದ್ದ ದೋಸೆಯ ತುಂಡನ್ನು ತಟ್ಟೆಗೆ ಇಟ್ಟುಬಿಟ್ಟರು. "ನನಗೆ ಹೆಸರಿನ ಹಟ ಇಲ್ಲ. ಊರಿಗೆ ಹೋದಮೇಲೆ ನಮ್ಮವರು ಕೇಳ್ತಾರೆ, ಏನು ಹೇಳಲಿ?" ಅಂದರು ಅವರು. ಮೇಡಂ, "ನನಗೂ ಅದೇ" ಅಂದರು. ನನಗೆ ನಿಜವಾಗಿಯೂ ಸಂಕಟವಾಯಿತು. ಪೇಟ ಅಳೆದುಕೊಂಡು ಕೂತಿದ್ದಕ್ಕೆ ನಾಚಿಕೆಯೂ ಆಯಿತು.

ವಿಜಯ ಚಟ್ನಿ ಬಡಿಸಿಕೊಳ್ಳುತ್ತಾ ಕನ್ನಡದಲ್ಲಿ, "ಅಲ್ಲಾ ರೀ, ನಮ್ಮ ಮದುವೆ ಲಗ್ನಪತ್ರಿಕೆಗೆ ಏನು ಮಾಡಿದ್ರು, ಮರೆತುಬಿಟ್ರಾ?" ಅಂದಳು.

ನೆನಪಾಯಿತು. ನಮ್ಮ ಮದುವೆಯಲ್ಲಿ ಅವಳ ಸೋದರಮಾವನೂ ನನ್ನ ದೊಡ್ಡಪ್ಪನೂ ಪತ್ರಿಕೆಯಲ್ಲಿ ಯಾರ ಕಡೆಯವರ ಹೆಸರು ಮೊದಲು ಎಂದು ಪ್ರೆಸ್ಸಿನೊಳಗೇ ಧ್ವನಿ ಏರಿಸಿದ್ದರು. ಕೊನೆಗೆ ಎಲ್ಲರೂ ಮಾಡುವುದನ್ನೇ ಮಾಡಿದರು. ಹೆಣ್ಣಿನವರು ತಮ್ಮ ಪತ್ರಿಕೆ ಹೊಡೆಸಿ ತಮ್ಮವರಿಗೆ ಹಂಚಿದರು, ಗಂಡಿನವರು ತಮ್ಮದನ್ನು ಹೊಡೆಸಿ ತಮ್ಮವರಿಗೆ ಹಂಚಿದರು. ಎರಡರಲ್ಲೂ ಮುಹೂರ್ತ ಒಂದೇ, ಛತ್ರ ಒಂದೇ. ಯಾರ ಬಂಧುಗಳೂ ಎರಡು ಪತ್ರಿಕೆಗಳನ್ನು ಪಕ್ಕದಲ್ಲಿಟ್ಟುಕೊಂಡು ನೋಡಲಿಲ್ಲ.

"ಇವರಿಗೂ ಎರಡು ಪ್ರತಿ ಮಾಡಿಸಿ. ಅವರವರ ಊರಿಗೆ ಹೋಗೋದ್ರಲ್ಲಿ ಅವರವರ ಹೆಸರು ಮೇಲಿರಲಿ. ನಿಮ್ಮ ಯೂನಿವರ್ಸಿಟಿ ಛತ್ರದವರ ಹಾಗೆ, ಕೆಳಗಿದ್ರೆ ಸಾಕು" ಎಂದಳು ವಿಜಯ. ನಾನು ಇದನ್ನು, ಈಗಷ್ಟೇ ನನಗೇ ಹೊಳೆದದ್ದೆಂಬ ಮುಖದಲ್ಲಿ, ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಪ್ರೊಫೆಸರ್, ಮೇಡಂ ಅವರ ಮುಖ ನೋಡಿದರು. ಮೇಡಂ ನಕ್ಕು, "ನಮ್ಮ ಕಡೆಯ ಮದುವೆಗಳಲ್ಲೂ ಹೀಗೇ" ಅಂದರು.

ಮರುದಿನ ಸಹಿಯಾಯಿತು. ಮೇಡಂ, ಪ್ರೊಫೆಸರ್ ಕಳಿಸಬೇಕಾದ ಬೀಜದ ಪೊಟ್ಟಣದ ಬಗ್ಗೆ ಎರಡೆರಡು ಸಲ ವಿಚಾರಿಸಿಕೊಂಡು ವಿಮಾನ ಹತ್ತಿದರು. ಕುಲಪತಿಗಳು ನನ್ನ ಬೆನ್ನು ತಟ್ಟಿದರು. ನಾನು ಇನ್ನೂ ಉಬ್ಬಿಕೊಂಡಿರುವಾಗಲೇ ನಮ್ಮ ಕಾನೂನು ಸಲಹೆಗಾರರು ಬಂದು, ದೇಶದೇಶಗಳ ನಡುವಿನ ಒಪ್ಪಂದಗಳಲ್ಲಿ ಇದು ಬಹಳ ಹಳೆಯ ಪದ್ಧತಿ, ರಾಯಭಾರ ಕಚೇರಿಗಳಲ್ಲಿ ಎಲ್ಲರಿಗೂ ಗೊತ್ತಿರುವುದೇ ಎಂದರು. ಅಂತರರಾಷ್ಟ್ರೀಯ ಸಹಕಾರ ವಿಭಾಗದ ಉಪನಿರ್ದೇಶಕನೊಬ್ಬನಿಗೆ ಮಾತ್ರ ಗೊತ್ತಿರಲಿಲ್ಲ ಎಂದು ಅವರು ಹೇಳಲಿಲ್ಲ. ಒಳ್ಳೆಯ ಮನುಷ್ಯ.

ಅದೇ ಹುರುಪಿನಲ್ಲಿ ಮನೆಗೆ ಬಂದವನೇ, "ನಮ್ಮದಕ್ಕೂ ಎರಡು ಫಲಕ ಮಾಡಿಸೋಣ ಕಣೇ. ಒಂದರಲ್ಲಿ ನಿನ್ನ ಹೆಸರು ಮೇಲೆ, ಇನ್ನೊಂದರಲ್ಲಿ ನನ್ನದು" ಅಂದೆ. ಇಷ್ಟು ಬೇಗ ಒಪ್ಪುತ್ತಾಳೆಂದು ನಾನು ಅಂದುಕೊಂಡಿರಲಿಲ್ಲ. "ಆಯ್ತು. ಬಾಗಿಲಿಗೂ ಎರಡು ಕಡೆ ಇದೆಯಲ್ಲ" ಅಂದಳು.

ಹೋದ ಭಾನುವಾರ ಎರಡೂ ಫಲಕಗಳು ಬಾಗಿಲಿಗೇರಿದವು. ಹೊರಗಿನದರಲ್ಲಿ ವಿಜಯಳ ಹೆಸರು ಮೇಲೆ, ಒಳಗಿನದರಲ್ಲಿ ನನ್ನದು. ನಿಧಿ ನೋಡಿ, "ಅಪ್ಪಾ, ಅಂದರ್ ವಾಲಾ ಕೌನ್ ಪಢೇಗಾ? ಒಳಗಿಂದು ಯಾರು ಓದ್ತಾರೆ?" ಎಂದು ಕೇಳಿದಳು. ಡೆಲಿವರಿ ಭಯ್ಯಾಗಳು ಈಗ ತಪ್ಪದೆ ನಮ್ಮ ಗಂಟೆಯನ್ನೇ ಬಾರಿಸಿ "ವಿಜಯಾ ಮೇಡಂ ಕಾ ಘರ್?" ಅನ್ನುತ್ತಾರೆ, ನಾನು ಹೌದು ಎಂದು ಪಾರ್ಸಲ್ ಇಸಿದುಕೊಳ್ಳುತ್ತೇನೆ. ಮನೆಯಲ್ಲಿ ಶಾಂತಿ ನೆಲೆಸಿದೆ. ದಿನಾ ಬೆಳಿಗ್ಗೆ ಬಾಗಿಲ ಹಿಂದೆ ಕೂತು ಬೂಟಿನ ಲೇಸು ಕಟ್ಟುವಾಗ ನನ್ನ ಹೆಸರನ್ನು ನಾನೇ ಒಮ್ಮೆ ಓದಿಕೊಂಡು, ಶಾಂತಿ ಸ್ಥಾಪನೆಗೆಂದು ಮಾನೇಸರಿನ ದಾರಿ ಹಿಡಿಯುತ್ತೇನೆ.