ಇಳಕಲ್ಲಿನ ಬ್ಯಾಡ್ಜರ್

ಸಂಗಮೇಶ್ ಬಡಿಗೇರರ ಹೆಸರಿನಿಂದ ಒಂದು 'ಐ' ಬಿದ್ದುಹೋಗಿ ವರ್ಷಗಳೇ ಆಗಿದ್ದವು. ಇಂಗ್ಲಿಷಿನಲ್ಲಿ ಬಡಿಗೇರ ಎಂದು ಬರೆದ ಕೂಡಲೇ ಕಂಪ್ಯೂಟರು ತಾನೇ ಜಾಣನೆಂದುಕೊಂಡು, ನಡುವಿನ ಐ ಕಿತ್ತು, 'ಬ್ಯಾಡ್ಜರ್' ಎಂದು ತಿದ್ದಿಬಿಡುತ್ತಿತ್ತು. ಬ್ಯಾಡ್ಜರ್ ಎಂದರೆ ನೆಲ ತೋಡಿ ಬಿಲದಲ್ಲಿ ವಾಸಿಸುವ ಒಂದು ಪ್ರಾಣಿ. ಮೊದಮೊದಲು ಸಂಗಮೇಶರು ಅದು ತಿದ್ದಿದ್ದನ್ನು ಮರಳಿ ತಿದ್ದಿದರು. ಆಮೇಲೆ ಕಾಫಿ ಅಂಗಡಿಯವರು, ಹಲ್ಲಿನ ಡಾಕ್ಟರು, ಮಗಳ ಶಾಲೆಯವರು ಎಲ್ಲರೂ ಮಿಸ್ಟರ್ ಬ್ಯಾಡ್ಜರ್ ಎಂದೇ ಕರೆಯತೊಡಗಿದಾಗ ಸಾಕಾಗಿ ಸುಮ್ಮನಾದರು. ಹೋದ ತಿಂಗಳು ಹ್ಯೂಸ್ಟನ್ನಿನ ಅವರ ಎಣ್ಣೆ ಕಂಪನಿಯನ್ನು ಇನ್ನೊಂದು ದೊಡ್ಡ ಕಂಪನಿ ನುಂಗಿ, ಎಲ್ಲರಿಗೂ ಹೊಸ ಐಡಿ ಕಾರ್ಡು ಹಂಚಿದಾಗ ಅದರಲ್ಲೂ 'ಎಸ್. ಬ್ಯಾಡ್ಜರ್' ಎಂದೇ ಇತ್ತು. ಕೆಲಸವೇ ಉಳಿಯುತ್ತದೋ ಇಲ್ಲವೋ ಎಂದು ಎಲ್ಲರೂ ನಡುಗುತ್ತಿದ್ದ ಹೊತ್ತಿನಲ್ಲಿ ಒಂದು ಅಕ್ಷರಕ್ಕಾಗಿ ಯಾರು ತಕರಾರು ತೆಗೆಯುತ್ತಾರೆ?

ನಡುಗುವುದಕ್ಕೆ ಕಾರಣವಿತ್ತು. ಪ್ರತಿ ಶುಕ್ರವಾರ ಒಂದಿಷ್ಟು ಜನರನ್ನು ಕರೆದು, ನಗುನಗುತ್ತಾ ಕೈಕುಲುಕಿ, ಮನೆಗೆ ಕಳಿಸುತ್ತಿದ್ದರು. ಸಂಗಮೇಶರಂತೂ ಇನ್ನೂ ವೀಸಾದ ಮೇಲೆಯೇ ಇದ್ದವರು. ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತು ನಿಂತು ಮೀಸೆ ಬೆಳ್ಳಗಾಗಿತ್ತು. ಕೆಲಸ ಹೋದರೆ ಎರಡು ತಿಂಗಳೊಳಗೆ ಇನ್ನೊಂದು ಹಿಡಿಯಬೇಕು. ಇಲ್ಲವಾದರೆ ಹ್ಯೂಸ್ಟನ್ ಪಕ್ಕದ ಕೇಟಿ ಊರಿನ ಮನೆ, ಹಿತ್ತಲಲ್ಲಿ ಕಂಬಳಿ ಹೊದಿಸಿ ಚಳಿಯಿಂದ ಕಾಪಾಡಿದ ಕರಿಬೇವಿನ ಗಿಡ, ಹೈಸ್ಕೂಲಿನ ಮಗಳ ಗೆಳತಿಯರು, ಎಲ್ಲವನ್ನೂ ಬಿಟ್ಟು ಗಂಟುಮೂಟೆ ಕಟ್ಟಬೇಕು.

ಅಂಥ ಒಂದು ಶುಕ್ರವಾರ ಬೆಳಿಗ್ಗೆ, ಅವಲಕ್ಕಿ ತಿನ್ನುತ್ತಿದ್ದಾಗ ಫೋನಿಗೆ ಒಂದು ಮೇಲ್ ಬಂತು. ಡಲ್ಲಾಸಿನಿಂದ ಹೊಸದಾಗಿ ಬಂದ ಉಪಾಧ್ಯಕ್ಷನದು. ಸಂಗಮೇಶರ ಕೈಯಲ್ಲಿದ್ದ ಚಮಚ ತಟ್ಟೆಗೆ ಬಿತ್ತು.

"ಏನಾತ್ರಿ?" ಎಂದು ಹೆಂಡತಿ ಕಸ್ತೂರಿ ಓಡಿಬಂದಳು.

"ಇವತ್ತ ನಮ್ಮ ವುಡ್‌ಲ್ಯಾಂಡ್ಸ್ ಆಫೀಸಿನ್ಯಾಗ ತನ್ನ ಕೋಣಿಗೆ ಬಾ ಅಂದಾನ. 'ಪ್ರೀತಿಯ ಕಸಿನ್' ಅಂತ ಬರದಾನ."

"ಕಸಿನ್ ಅಂದ್ರ? ನಿಮ್ಮ ಕಾಕಾನ ಮಗಾ ಏನ್ರಿ?"

"ನಮ್ಮ ಕಾಕಾಗ ಮಕ್ಕಳ ಇಲ್ಲಲ್ಲ!"

ಕೆಳಗೆ ಸಹಿ ನೋಡಿದಾಗ ಗುಟ್ಟು ತಿಳಿಯಿತು. ಉಪಾಧ್ಯಕ್ಷನ ಹೆಸರು ಕ್ಲಿಫರ್ಡ್ ಬ್ಯಾಡ್ಜರ್. ಆತ ಹೊಸ ಐಡಿ ಕಾರ್ಡುಗಳ ನಡುವೆ ತನ್ನ ಮನೆತನದ ಹೆಸರು ಕಂಡು ಪುಳಕಗೊಂಡಿದ್ದ.

ಅಷ್ಟರಲ್ಲಿ ಪಕ್ಕದ ಮನೆಯ ಮೋಹನರಾಜರು ಒಳಗೆ ಬಂದರು. ಮೈಸೂರಿನವರು, ಅದೇ ಕಂಪನಿಯಲ್ಲಿದ್ದವರು, ದಿನಾ ಇವರ ಕಾರಿನಲ್ಲೇ ಬರುತ್ತಿದ್ದವರು. ಹಿಂದೆ ಎರಡು ಸಲ ಕನ್ನಡ ಸಂಘದ ಕಾರ್ಯದರ್ಶಿಯಾಗಿದ್ದರಿಂದ ಸಲಹೆ ಕೊಡುವುದು ತಮ್ಮ ಜನ್ಮಸಿದ್ಧ ಹಕ್ಕೆಂದು ತಿಳಿದವರು. ಮೇಲ್ ಓದಿದ್ದೇ ಕುರ್ಚಿ ಎಳೆದುಕೊಂಡು ಕೂತರು.

"ಸಾರ್, ಲಾಟರಿ ಹೊಡೀತು ನಿಮ್ಗೆ! ಸ್ವಂತ ಮನೆಯವ್ರನ್ನ ಯಾರಾದ್ರೂ ಕೆಲಸದಿಂದ ತೆಗೀತಾರಾ?"

"ಅಲ್ರಿ, ನಾ ಬಡಿಗೇರ. ನಮ್ಮಜ್ಜ ಇಳಕಲ್ದಾಗ ಬಾಗಲಾ ಕೆತ್ತತಿದ್ದ. ಹೋಗಿ ಖರೇ ಹೇಳಿಬಿಡ್ತೀನಿ."

"ಅಯ್ಯೋ, ಬೇಡಿ ಸಾರ್! ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ. ತೀರಾ ಒತ್ತಾಯ ಮಾಡಿದ್ರೆ ನಿಮ್ಮ ಮುತ್ತಜ್ಜ ಹುಬ್ಬಳ್ಳಿಗೆ ಬಂದ ಒಬ್ಬ ರೈಲ್ವೆ ಸಾಹೇಬ ಅಂತ ಒಂದು ಕತೆ ಜೇಬಲ್ಲಿಟ್ಕೊಂಡಿರಿ."

ಕಸ್ತೂರಿಗೆ ಸಿಟ್ಟು ನೆತ್ತಿಗೇರಿತು. "ನಮ್ಮ ಮನಿ ಹಿರ್‍ಯಾರ್‍ನ ಸಾಹೇಬನ್ನ ಮಾಡಾಕ ನೀವ್ಯಾರ್ರಿ? ನಾಳೆ ನಮ್ಮತ್ತಿ ಫೋನ್ ಮಾಡ್ತಾರ, ಅವರ ಮುಂದ ನೀವ ಹೇಳ್ರಿ ಈ ಮಾತ!"

"ಅಪ್ಪಾ, ದಟ್ಸ್ ಕಾಲ್ಡ್ ಲೈಯಿಂಗ್," ಎಂದಳು ಮಗಳು ನಿಶಿತಾ, ಫೋನಿನಿಂದ ತಲೆ ಎತ್ತದೆ.

ವುಡ್‌ಲ್ಯಾಂಡ್ಸ್ ತಲುಪುವವರೆಗೂ ಮೋಹನರಾಜರ ಪಾಠ ನಿಲ್ಲಲಿಲ್ಲ. ಟೋಲ್ ರಸ್ತೆ ಮುಗಿಯುವಷ್ಟರಲ್ಲಿ ಅವರು ಆ ರೈಲ್ವೆ ಸಾಹೇಬನಿಗೆ ಒಂದು ಹೆಸರು, ಒಂದು ಬಿಳಿ ಕುದುರೆ, ಕೊನೆಗೆ ಸಾಯಲು ಒಂದು ಮಲೇರಿಯಾ ಜ್ವರವನ್ನೂ ಕೊಟ್ಟಿದ್ದರು.

ಕ್ಲಿಫರ್ಡ್ ಬ್ಯಾಡ್ಜರ್ ಬಾಗಿಲಿಗೇ ಬಂದು ತಬ್ಬಿಕೊಂಡ. ಆರಡಿ ಮೀರಿದ ಆಳು, ಟೊಮೇಟೊ ಬಣ್ಣದ ಮುಖ, ಕಾಲಲ್ಲಿ ಮೊನಚು ಬೂಟು. ಕೋಣೆಯ ಗೋಡೆಯ ಮೇಲೆ ತೈಲಬಾವಿಗಳ ಚಿತ್ರವಿರಬೇಕಾದಲ್ಲಿ ಎರಡು ದೊಡ್ಡ ನಕಾಶೆಗಳಿದ್ದವು. ಒಂದು ಇಂಗ್ಲೆಂಡಿನದು, ಇನ್ನೊಂದು ಟೆಕ್ಸಾಸಿನದು. ಎರಡಕ್ಕೂ ಕೆಂಪು ಗುಂಡುಸೂಜಿ ಚುಚ್ಚಿದ್ದರು.

"ನೋಡು ಕಸಿನ್, ನಮ್ಮ ಹೆಸರಿನ ಮೂಲ ಇಲ್ಲಿದೆ. ಶ್ರಾಪ್‌ಶೈರ್. ಅಲ್ಲಿ ಬ್ಯಾಡ್ಜರ್ ಅಂತ ಒಂದು ಪುಟ್ಟ ಹಳ್ಳಿಯೇ ಇದೆ. ದವಸ ಹೊತ್ತು ಮಾರುವವರನ್ನು ಹಾಗೆ ಕರೀತಿದ್ದರು ಅಂತ ಕೆಲವರು ಹೇಳ್ತಾರೆ. ಅವರ ಮಾತು ನಂಬಬೇಡ. ನಾವು ಆ ಹಳ್ಳಿಯವರು, ಚೀಲ ಹೊತ್ತವರಲ್ಲ. ನನ್ನ ಮುತ್ತಜ್ಜ ಅಲ್ಲಿಂದ ಆಸ್ಟಿನ್‌ಗೆ ಬಂದ. ಈಗ ಆಸ್ಟಿನ್‌ನಲ್ಲಿ ನಮ್ಮವರ ಎರಡು ಮನೆ ಇದೆ, ಒಬ್ಬರಿಗೊಬ್ಬರು ಮಾತಾಡೋದಿಲ್ಲ. ಡಲ್ಲಾಸ್‌ನಲ್ಲಿ ನನ್ನ ಸೋದರತ್ತೆ ಮಾರ್ಥಾ. ಹ್ಯೂಸ್ಟನ್ ಮಾತ್ರ ಖಾಲಿ ಇತ್ತು, ನೀನು ಸಿಗುವವರೆಗೆ!" ಎಂದು ಆತ ಕೇಟಿಯ ಮೇಲೆ ಒಂದು ಸೂಜಿ ಚುಚ್ಚಿದ. ಅದು ತಮ್ಮ ಎದೆಗೇ ಚುಚ್ಚಿದಂತಾಯಿತು ಸಂಗಮೇಶರಿಗೆ.

"ನಿಮ್ಮ ಕಡೆಯವರು ಎಲ್ಲಿಂದ?"

"ಇಳಕಲ್, ಸರ್."

"ಇಲ್ಕ್ಲಿ! ಇಂಗ್ಲೆಂಡಿನ ಯಾರ್ಕ್‌ಶೈರ್!" ಎಂದು ಕ್ಲಿಫರ್ಡ್ ಮೇಜು ಗುದ್ದಿದ. "ಉತ್ತರದ ಶಾಖೆ! ಅದು ಅಳಿದುಹೋಯಿತು ಅಂದುಕೊಂಡಿದ್ದೆ!"

"ಇಲ್ಕ್ಲಿ ಅಲ್ಲ ಸರ್, ಇಳಕಲ್. ಇಂಡಿಯಾದಲ್ಲಿದೆ. ಸೀರೆಗೆ ಹೆಸರಾದ ಊರು." ಸಂಗಮೇಶರು ದೇವರ ಮೇಲೆ ಭಾರ ಹಾಕಿ ಮುಂದುವರಿಸಿದರು. "ಇನ್ನೊಂದು ಮಾತು ಸರ್. ನನ್ನ ಹೆಸರಿನ ನಡುವೆ ನಿಜವಾಗಿ ಒಂದು ಐ ಇದೆ. ಕಂಪ್ಯೂಟರು ಅದನ್ನು ನುಂಗಿದೆ."

ಇಷ್ಟು ಹೇಳಿದ ಮೇಲೆ ಯಾವ ಮನುಷ್ಯನಾದರೂ ತಬ್ಬಿದ ಕೈ ಹಿಂದೆ ತೆಗೆದುಕೊಳ್ಳಬೇಕಿತ್ತು. ಆದರೆ ಹೆಸರಿನ ಹುಚ್ಚು ಹಿಡಿದವರ ರೀತಿಯೇ ಬೇರೆ. ಕ್ಲಿಫರ್ಡ್ ಕಣ್ಣರಳಿಸಿ ಕಂಪ್ಯೂಟರಿನ ಮುಂದೆ ಕೂತ. ಪ್ರಪಂಚದಲ್ಲಿ ಯಾವ ಹೆಸರಿನವರು ಎಲ್ಲೆಲ್ಲಿದ್ದಾರೆಂದು ತೋರಿಸುವ ಯಾವುದೋ ಜಾಲತಾಣ ತೆರೆದು, ಐ ಸೇರಿಸಿ ಬರೆದು, ಗುಂಡಿ ಒತ್ತಿದ.

ಶ್ರಾಪ್‌ಶೈರ್ ಮೇಲೆ ಒಂದೆರಡು ತಿಳಿ ಚುಕ್ಕೆ ಇದ್ದವು. ಭಾರತದ ನಕಾಶೆ ತೆರೆದುಕೊಂಡಾಗ ಬಾಗಲಕೋಟೆ, ಗದಗ, ಬೆಳಗಾವಿ, ವಿಜಯಪುರ, ಧಾರವಾಡ ಎಲ್ಲವೂ ಮಸಿ ದೌತಿ ಉರುಳಿದಂತೆ ಕಪ್ಪಾಗಿದ್ದವು. ಕ್ಲಿಫರ್ಡ್ ಮೂಗು ತಾಗುವಷ್ಟು ಪರದೆಯ ಹತ್ತಿರ ಬಗ್ಗಿದ.

"ಇಷ್ಟೊಂದು ಬ್ಯಾಡ್ಜರ್‌ಗಳಾ?"

"ನಮ್ಮ ಕಡೆ ಊರೂರಿಗೆ ಒಂದು ಓಣಿ ಇರುತ್ತೆ ಸರ್," ಎಂದರು ಸಂಗಮೇಶರು. ಇದು ಸತ್ಯವೇ ಆಗಿತ್ತು.

"ಒಂದು ಓಣಿ ತುಂಬ! ನಮ್ಮವನು ಯಾವನೋ ಒಬ್ಬ ಇಂಡಿಯಾಕ್ಕೆ ಹಡಗು ಹತ್ತಿದ್ದಾನೆ, ಭಲೇ ಗಂಡಸು! ಐ ಆಮೇಲೆ ಸೇರಿಕೊಂಡಿದೆ. ತೇವಕ್ಕೆ ಮರ ಉಬ್ಬೋದಿಲ್ಲವಾ, ಹಾಗೆ. ಅವರೆಲ್ಲ ಏನು ಕೆಲಸ ಮಾಡ್ತಾರೆ?"

"ಮೂಲತಃ ಮರಗೆಲಸ. ಬಾಗಿಲು, ತೊಟ್ಟಿಲು, ಬಂಡಿ."

ಕ್ಲಿಫರ್ಡನ ಕಣ್ಣಲ್ಲಿ ನೀರಾಡಿತು. "ನನ್ನ ಮುತ್ತಜ್ಜ ಆಸ್ಟಿನ್‌ನಲ್ಲಿ ಕಪಾಟು ಮಾಡ್ತಿದ್ದ," ಎಂದವನೇ ತಡಮಾಡದೆ ಡಲ್ಲಾಸಿನ ಅತ್ತೆಗೆ ವಿಡಿಯೋ ಕರೆ ಮಾಡಿದ.

ಅತ್ತೆ ಮಾರ್ಥಾ ಎಂಬತ್ತು ದಾಟಿದ ಮುದುಕಿ. ಸೋದರಳಿಯನ ಹಾಗೆ ಸುಲಭಕ್ಕೆ ಕರಗುವ ಹೆಂಗಸಲ್ಲ. "ಅವೆಲ್ಲ ಆಮೇಲೆ. ಮೊದಲು ಅವನ ಕಿವಿ ತೋರಿಸು," ಎಂದಳು.

ಬ್ಯಾಡ್ಜರ್ ವಂಶದವರಿಗೆ ಎಡಗಿವಿ ಬಲಗಿವಿಗಿಂತ ಒಂದು ಕೂದಲಷ್ಟು ಉದ್ದವಂತೆ. ಸಂಗಮೇಶರು ಆ ಕಡೆ ಈ ಕಡೆ ಮುಖ ತಿರುಗಿಸಿ ತೋರಿಸಿದರು. ಕ್ಲಿಫರ್ಡ್ ಮೇಜಿನ ಮೇಲಿದ್ದ ಸ್ಕೇಲು ಹಿಡಿದು ಎರಡೂ ಕಿವಿ ಅಳೆದ. ಎಡಗಿವಿ ಉದ್ದವೇ ಇತ್ತು. ಇಳಕಲ್ಲಿನ ಗಣಿತದ ಮಾಸ್ತರರು ನಾಲ್ಕು ವರ್ಷ ಹಿಡಿದು ಜಗ್ಗಿದ್ದು ಅದೇ ಕಿವಿಯನ್ನು. ಮಗ್ಗಿ ತಲೆಗೆ ಹತ್ತದಿದ್ದರೂ ಕಿವಿ ಮಾತ್ರ ಬೆಳೆದಿತ್ತು.

"ನಮ್ಮವನೇ," ಎಂದು ಮುದುಕಿ ತೀರ್ಪು ಕೊಟ್ಟಳು.

ಕ್ಲಿಫರ್ಡ್ ಸಂಗಮೇಶರ ಎರಡೂ ಭುಜ ಹಿಡಿದ. "ಪುಸ್ತಕ, ನಕಾಶೆ ಎಲ್ಲ ಪಕ್ಕಕ್ಕಿರಲಿ. ನಿನ್ನ ಬಾಯಿಂದ ಒಂದು ಮಾತು ಕೇಳಬೇಕು. ನಾವು ಒಂದೇ ರಕ್ತ, ಹೌದೋ ಅಲ್ಲವೋ?"

ಸಂಗಮೇಶರು ಸುಳ್ಳು ಹೇಳಿ ಅಭ್ಯಾಸವಿದ್ದ ಮನುಷ್ಯರಲ್ಲ. ನಾಲಗೆ 'ಅಲ್ಲ' ಎನ್ನಲು ಹೊರಟಿತ್ತು ಕೂಡ. ಆದರೆ ಅದೇ ಹೊತ್ತಿಗೆ ಗಾಜಿನ ಗೋಡೆಯಾಚೆ ಒಬ್ಬ ಪರಿಚಿತ ಇಂಜಿನಿಯರ್ ತನ್ನ ಸಾಮಾನು ತುಂಬಿದ ರಟ್ಟಿನ ಡಬ್ಬಿ ಹೊತ್ತು ಲಿಫ್ಟಿನ ಕಡೆ ನಡೆಯುತ್ತಿದ್ದ. ಡಬ್ಬಿಯಲ್ಲಿ ಅವನ ಮಕ್ಕಳ ಫೋಟೋ ಮೇಲೆಯೇ ಇತ್ತು. ಸಂಗಮೇಶರಿಗೆ ನಿಶಿತಾಳ ಮುಖ ಕಣ್ಣಮುಂದೆ ಬಂತು.

"ಹೌದು, ಕಸಿನ್," ಎಂದುಬಿಟ್ಟರು.

ಆಮೇಲೆ ಅವರದು ಮದುಮಗನ ಮೆರವಣಿಗೆ. ಕ್ಲಿಫರ್ಡ್ ಹೆಗಲ ಮೇಲೆ ಕೈ ಹಾಕಿಕೊಂಡು ಮಹಡಿ ಮಹಡಿ ತಿರುಗಿಸಿ, "ನಮ್ಮ ಪೂರ್ವದ ಶಾಖೆ!" ಎಂದು ಎಲ್ಲರಿಗೂ ಪರಿಚಯಿಸಿದ. ಊಟಕ್ಕೆ ಮನೆತನದ ಗೌರವಾರ್ಥ ಹೊಗೆಯಲ್ಲಿ ಬೇಯಿಸಿದ ದನದ ಮಾಂಸ ತರಿಸಿದಾಗ, ಸಂಗಮೇಶರು ಒಂದು ಬ್ರೆಡ್ಡು, ನಾಲ್ಕು ಎಲೆ ಕೋಸು ತಿಂದು ಎದ್ದರು. ಕೆಳಗೆ ಕಾಫಿ ಯಂತ್ರದ ಹತ್ತಿರ ಮೋಹನರಾಜರು ಬಿಳಿ ಕುದುರೆಯ ಕತೆಯನ್ನು ಅದಾಗಲೇ ಅರ್ಧ ಆಫೀಸಿಗೆ ಹಂಚಿದ್ದರು. ನಿನ್ನೆಯವರೆಗೆ ಮುಖ ನೋಡದವರು ಬಂದು ಬಾಗಿಲು ತೆರೆದು ಹಿಡಿದರು. ಸಂಗಮೇಶರು ಹೆಂಡತಿಗೆ, "ಏನೂ ಚಿಂತಿ ಮಾಡಬ್ಯಾಡ, ಕೆಲಸ ಉಳೀತು," ಎಂದು ಮೆಸೇಜು ಕಳಿಸಿದರು. ಬೆಳಗಿನಿಂದ ಮೊದಲ ಸಲ ಅವರಿಗೆ ನಿರಾಳವಾಗಿ ಉಸಿರಾಡಲು ಆಯಿತು.

ಮಧ್ಯಾಹ್ನ ಎಚ್.ಆರ್. ವಿಭಾಗದ ಡೆಬ್ರಾ ಕರೆಸಿದಳು. ಬಡ್ತಿಯೇ ಇರಬೇಕೆಂದು ಸಂಗಮೇಶರು ಅಂಗಿಯ ಕಾಲರು ಸರಿಮಾಡಿಕೊಂಡು ಹೋದರು.

"ಮೊದಲು ಒಳ್ಳೆಯ ಸುದ್ದಿ," ಎಂದಳು ಡೆಬ್ರಾ. "ಕೆಲಸದಿಂದ ತೆಗೆಯೋರ ಪಟ್ಟಿಯಲ್ಲಿ ನಿಮ್ಮ ಹೆಸರು ಯಾವತ್ತೂ ಇರಲಿಲ್ಲ. ನಿಮ್ಮಂಥ ಪೈಪ್‌ಲೈನ್ ಇಂಜಿನಿಯರ್ ಮತ್ತೆ ಸಿಗೋದಿಲ್ಲ ಅಂತ ಎಲ್ಲರೂ ಹೇಳಿದ್ದರು."

"ಥ್ಯಾಂಕ್ ಯೂ ಮೇಡಂ." ತಕ್ಷಣ ಏನೋ ಹೊಳೆದು, "ಇರಲಿಲ್ಲ ಅಂದರೆ?" ಎಂದರು.

"ಕ್ಲಿಫರ್ಡ್ ತುಂಬ ಪ್ರಾಮಾಣಿಕ ಮನುಷ್ಯ. ಊಟ ಮುಗಿಸಿ ನೇರ ಇಲ್ಲಿಗೇ ಬಂದು, ನೀವು ಅವರ ಸ್ವಂತ ಕಸಿನ್ ಅಂತ ತಿಳಿಸಿದರು. ಕಿವಿಯ ಅಳತೆ ಕೂಡ ಹೇಳಿದರು. ಮೇಲಧಿಕಾರಿಯ ಬಂಧುಗಳು ಅವರ ಕೈಕೆಳಗೆ ಕೆಲಸ ಮಾಡುವ ಹಾಗಿಲ್ಲ. ಟೆಕ್ಸಾಸ್ ಪೂರ್ತಿ ಅವರ ಕೈಕೆಳಗೇ ಇದೆ, ಬೇರೆಲ್ಲೂ ಜಾಗ ಖಾಲಿ ಇಲ್ಲ. ಇವತ್ತೇ ನಿಮ್ಮ ಕೊನೆಯ ದಿನ. ನನಗೂ ಬೇಸರ."

ಸಂಗಮೇಶರು ಕುರ್ಚಿಯಿಂದ ಎದ್ದುನಿಂತರು. "ಮೇಡಂ, ನಾನು ಅವರ ಬಂಧು ಅಲ್ಲವೇ ಅಲ್ಲ! ನಾನು ಬಡಿಗೇರ! ಅವರಿಗೂ ನನಗೂ ಯಾವ ಸಂಬಂಧವೂ ಇಲ್ಲ!"

ಡೆಬ್ರಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ಅಂದರೆ, ಬೆಳಿಗ್ಗೆ ಉಪಾಧ್ಯಕ್ಷರಿಗೆ ಸುಳ್ಳು ಹೇಳಿದಿರಾ? ಅದಕ್ಕೆ ಬೇರೆ ನಿಯಮ ಇದೆ. ಆ ನಿಯಮದ ಪ್ರಕಾರ ಹೋದರೆ ಮುಂದೆ ಯಾವ ಕಂಪನಿಯವರು ಕೇಳಿದರೂ ನಾವು ನಿಮ್ಮ ಬಗ್ಗೆ ಒಂದು ಒಳ್ಳೆ ಮಾತು ಆಡೋ ಹಾಗಿಲ್ಲ. ಬಂಧು ಅಂತ ಹೋದರೆ ಮರ್ಯಾದೆಯಿಂದ ಹೋಗಬಹುದು. ಯಾವುದು ಅಂತ ಬರೀಲಿ?"

ಸಂಗಮೇಶರು ತಲೆ ತಗ್ಗಿಸಿದರು. "ಬಂಧು ಅಂತಲೇ ಬರೀರಿ."

ಹೊರಗೆ ಮೋಹನರಾಜರು ಕಾಯುತ್ತಿದ್ದರು. ಸುದ್ದಿ ಅವರ ಕಿವಿಗೆ ಆಗಲೇ ಬಿದ್ದಿತ್ತು. "ಸಾರ್," ಎಂದು ಪಿಸುಗುಟ್ಟಿದರು, "ಐಡಿಯಾ ನಂದು ಅಂತೇನೂ ಹೇಳ್ಲಿಲ್ಲ ತಾನೆ?"

ಉತ್ತರ ಕೊಡುವಷ್ಟರಲ್ಲಿ ಕ್ಲಿಫರ್ಡ್ ಬೂಟು ಸದ್ದು ಮಾಡುತ್ತಾ ಬಂದು ಸಂಗಮೇಶರನ್ನು ಇನ್ನೊಮ್ಮೆ ಅಪ್ಪಿಕೊಂಡ. ಅವನ ಕಣ್ಣುಗಳು ನಿಜವಾಗಿಯೂ ಒದ್ದೆಯಾಗಿದ್ದವು.

"ನಿಯಮ ನಿಯಮವೇ ಕಸಿನ್, ಬ್ಯಾಡ್ಜರ್‌ಗಳು ಯಾವತ್ತೂ ನಿಯಮ ಮುರಿದವರಲ್ಲ. ಆದರೆ ನಿನ್ನ ಕೈ ಬಿಡ್ತೀನಾ? ಅತ್ತೆ ಮಾರ್ಥಾ ಜೊತೆ ಮಾತಾಡಿದೆ. ನಮ್ಮ ಮನೆತನದ ಸಂಘಕ್ಕೆ ನಿನ್ನನ್ನು ಪೂರ್ವ ಶಾಖೆಯ ಅಧ್ಯಕ್ಷನನ್ನಾಗಿ ಮಾಡಿದ್ದೇವೆ. ಸಂಬಳ ಇಲ್ಲ, ಗೌರವ ಹುದ್ದೆ. ಆ ಕಪ್ಪಗಿದ್ದ ಜಿಲ್ಲೆಗಳಿಗೆಲ್ಲ ಹೋಗಿ, ಓಣಿ ಓಣಿ ತಿರುಗಿ, ಒಬ್ಬೊಬ್ಬರನ್ನೂ ಎಣಿಸಿ ಬರೀಬೇಕು. ಕಿವಿ ಸಮೇತ."

"ಸರ್," ಎಂದರು ಸಂಗಮೇಶರು ಕ್ಷೀಣ ಸ್ವರದಲ್ಲಿ, "ಅದಕ್ಕೆ ನಾನು ಸಂಸಾರ ಎತ್ತಿಕೊಂಡು ಇಂಡಿಯಾಕ್ಕೆ ಹೋಗಬೇಕಾಗುತ್ತೆ."

"ಅದೇ ಅನುಕೂಲ ನೋಡು!" ಎಂದು ಕ್ಲಿಫರ್ಡ್ ಬೆನ್ನು ಚಪ್ಪರಿಸಿದ. "ನಿನ್ನ ವೀಸಾದ ವಿಷಯ ಡೆಬ್ರಾ ಹೇಳಿದಳು. ಹೇಗೂ ಎರಡು ತಿಂಗಳಲ್ಲಿ ಹೋಗ್ತಾ ಇದ್ದೀಯಲ್ಲ!"